ಸ್ವಂತ ವೆಬ್‌ಸೈಟ್ ಎಲ್ಲಿ ಇಡೋಣ? ಮಂಗಳೂರು, ಉಡುಪಿ ಕಡೆಯ ಡೆವಲಪರ್‌ಗಳಿಗೆ ಒಂದು ಹೋಲಿಕೆ

ದಿನವಿಡೀ ಬೇರೆಯವರ ವೆಬ್‌ಸೈಟ್ ಕಟ್ಟುವವರ ಹತ್ತಿರ ಸ್ವಂತದ್ದೊಂದು ಇರುವುದಿಲ್ಲ. ಇದ್ದರೂ ಯಾವಾಗಲೋ ನಿಂತುಹೋಗಿರುತ್ತದೆ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಕೆಲಸ ಮಾಡುವ ನನ್ನ ಹೆಚ್ಚಿನ ಗೆಳೆಯರ ಕಥೆ ಇದೇ. ಇದಕ್ಕೆ ಸೋಮಾರಿತನ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಶುರುವಿನಲ್ಲೇ ತಮ್ಮ ದಿನಚರಿಗೆ ಹೊಂದದ ವ್ಯವಸ್ಥೆ ಆರಿಸಿಕೊಂಡಿರುತ್ತಾರೆ, ಅಷ್ಟೇ.

ನಮ್ಮ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ತಂಡದ ಸ್ಟ್ಯಾಂಡಪ್ ಮೀಟಿಂಗ್, ಮಧ್ಯಾಹ್ನ ಯಾವುದೋ ಬಗ್, ಸಂಜೆ ಆದಮೇಲೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ಅದೆಲ್ಲ ಮುಗಿದು ಊಟ ಆದ ಮೇಲೆ ಅರ್ಧ ಗಂಟೆ ಉಳಿದರೆ ಪುಣ್ಯ. ಸ್ವಂತ ಸೈಟಿಗೆ ಸಿಗುವುದು ಆ ಅರ್ಧ ಗಂಟೆ. ಅದು ಬರೆಯುವುದಕ್ಕೆ ಹೋಗಬೇಕಾ, ಅಪ್‌ಡೇಟ್ ಹಾಕುವುದಕ್ಕೆ ಹೋಗಬೇಕಾ? ಈ ಹೋಲಿಕೆಯನ್ನು ನಾನು ಮುಖ್ಯವಾಗಿ ಈ ಪ್ರಶ್ನೆ ಇಟ್ಟುಕೊಂಡೇ ಮಾಡುತ್ತಿದ್ದೇನೆ. ಹಣದ ಮಾತು ಆಮೇಲೆ. ಒಬ್ಬರ ಸಣ್ಣ ಸೈಟಿಗೆ ಯಾವ ದಾರಿ ಹಿಡಿದರೂ ತಿಂಗಳ ಖರ್ಚಿನಲ್ಲಿ ಕೆಲವು ನೂರು ರೂಪಾಯಿಯಷ್ಟೇ ವ್ಯತ್ಯಾಸ.

ಮೊದಲು ಹೆಸರು

ಹೋಸ್ಟಿಂಗ್, ಅಂದರೆ ಸೈಟಿನ ಫೈಲ್ ಇಡುವ ಜಾಗ, ಯಾವುದೇ ಇರಲಿ, ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು, ನಿಮ್ಮದೇ ಆಗಿರಬೇಕು. ಇದರಲ್ಲಿ ಆಯ್ಕೆಯೇ ಇಲ್ಲ ಅಂತ ನಾನು ಹೇಳುತ್ತೇನೆ. ಉಚಿತವಾಗಿ ಸೈಟ್ ಇಡಲು ಬಿಡುತ್ತಿದ್ದ ಜಿಯೋಸಿಟೀಸ್ ಜಪಾನ್ ಬಿಟ್ಟು ಉಳಿದ ಕಡೆ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ ಹೋಯಿತು, ಗೂಗಲ್ ಪ್ಲಸ್ 2019ರಲ್ಲಿ. ಜನ ಅಲ್ಲಿ ಬರೆದದ್ದು ವಿಳಾಸ ಸಮೇತ ಹೋಯಿತು. ಡೊಮೈನ್ ನಿಮ್ಮದಾಗಿದ್ದರೆ ಹೋಸ್ಟಿಂಗ್ ಕಂಪನಿ ಮುಚ್ಚಿದರೂ ಒಂದು ಸಂಜೆಯಲ್ಲಿ ಬೇರೆ ಕಡೆಗೆ ಹೋಗಬಹುದು. ಓದುವವರಿಗೆ ಗೊತ್ತೂ ಆಗುವುದಿಲ್ಲ.

ಯಾವ ಡೊಮೈನ್? ಡಾಟ್ ಇನ್ ಮತ್ತು ಡಾಟ್ ಕಾಮ್ ಎರಡೂ ಸರಿ. ಡಾಟ್ ಇನ್ ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ ಸಂಸ್ಥೆ, ಬೆಲೆಯೂ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಡಾಟ್ ಡೆವ್ (.dev) ಡೆವಲಪರ್‌ಗಳಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದೆ ಬ್ರೌಸರ್ ಅದನ್ನು ತೆರೆಯುವುದೇ ಇಲ್ಲ ಅನ್ನುವುದು ನೆನಪಿರಲಿ. ಕನ್ನಡದಲ್ಲೇ ಡಾಟ್ ಭಾರತ ಎಂಬ ಡೊಮೈನ್ ಕೂಡ ಉಂಟು. ನನಗೆ ಅದರ ಮೇಲೆ ತುಂಬ ಪ್ರೀತಿ. ಆದರೂ ಅದನ್ನೇ ಮುಖ್ಯ ವಿಳಾಸ ಮಾಡಿಕೊಳ್ಳಿ ಅಂತ ಈಗಲೇ ಹೇಳಲಾರೆ. ಎಷ್ಟೋ ಫಾರಂಗಳು ಆ ವಿಳಾಸ ತೆಗೆದುಕೊಳ್ಳುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಬದಲು ಎಕ್ಸ್ಎನ್ ಅಂತ ಶುರುವಾಗುವ ಅಕ್ಷರಗಳ ಸಾಲು ಕಾಣುತ್ತದೆ. ಎರಡನೆಯ ಡೊಮೈನ್ ಆಗಿ ತೆಗೆದುಕೊಂಡು ಮುಖ್ಯ ವಿಳಾಸಕ್ಕೆ ತಿರುಗಿಸಿಡಿ.

ಎಲ್ಲಿ ಕೊಳ್ಳುವುದು ಅನ್ನುವುದರಲ್ಲೂ ಒಂದು ವಿಷಯ ಉಂಟು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದಿದೆ. ಮೊದಲೇ ಅನುಮತಿ ಕೊಡದ ಕಾರ್ಡಿನಿಂದ ತನ್ನಷ್ಟಕ್ಕೆ ಹಣ ಕಡಿತ ಆಗುವುದಿಲ್ಲ. ವಿದೇಶದ ರಿಜಿಸ್ಟ್ರಾರ್ (ಡೊಮೈನ್ ಮಾರುವ ಕಂಪನಿ) ಹತ್ತಿರ ಆಟೋ ರಿನ್ಯೂ ಆನ್ ಮಾಡಿ ಸುಮ್ನೆ ಕೂತರೆ ನಮ್ಮ ಕಾರ್ಡಿನಲ್ಲಿ ಪಾವತಿ ವಿಫಲ ಆಗುವುದು ಮಾಮೂಲಿ. ಆದ್ದರಿಂದ ಯುಪಿಐ ತೆಗೆದುಕೊಳ್ಳುವ ಇಲ್ಲಿನ ರಿಜಿಸ್ಟ್ರಾರ್ ಆರಿಸಿ, ಇಲ್ಲವೇ ಒಂದೇ ಸಲ ಕೆಲವು ವರ್ಷಕ್ಕೆ ಕಟ್ಟಿ. ಡಾಟ್ ಕಾಮ್, ಡಾಟ್ ಇನ್ ಎರಡನ್ನೂ 10 ವರ್ಷದವರೆಗೆ ಮುಂಗಡವಾಗಿ ತೆಗೆದುಕೊಳ್ಳಬಹುದು. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೈನಿನದ್ದು ಆಗಿರಬಾರದು. ಡೊಮೈನ್ ಅವಧಿ ಮುಗಿದರೆ ಆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರ ಬರುವುದಾದರೂ ಎಲ್ಲಿಗೆ?

ಮಲ್ಪೆ ಕಡೆಯ ಒಂದು ಹೋಂಸ್ಟೇಯವರು ಒಮ್ಮೆ ನನ್ನ ಹತ್ತಿರ ಬಂದಿದ್ದರು. ಅವರ ಡೊಮೈನ್ ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲೇ ಇತ್ತು. ಅವನು ಗಲ್ಫ್‌ಗೆ ಹೋದ, ಹಳೆಯ ಇಮೇಲ್ ಬಿಟ್ಟ. ಅವಧಿ ಮುಗಿದು ಡೊಮೈನ್ ಬೇರೆ ಯಾರದೋ ಪಾಲಾಯಿತು. ವಿಸಿಟಿಂಗ್ ಕಾರ್ಡ್, ಗೇಟಿನ ಬೋರ್ಡ್, ಎಲ್ಲದರಲ್ಲೂ ಅದೇ ವಿಳಾಸ ಇತ್ತು. ಬೇರೆಯವರಿಗೆ ಸೈಟ್ ಮಾಡಿಕೊಡುವಾಗ ದಯವಿಟ್ಟು ಡೊಮೈನ್ ಅವರ ಹೆಸರಿನಲ್ಲೇ ಮಾಡಿಸಿ ಮಾರಾಯ್ರೆ.

ರೆಡಿಮೇಡ್ ಸೈಟುಗಳು

ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್, ವಿಕ್ಸ್. ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಲಾಗರ್‌ಗೆ ಸ್ವಂತ ಡೊಮೈನ್ ಉಚಿತವಾಗಿ ಜೋಡಿಸಬಹುದು, ಬರೆದದ್ದನ್ನೆಲ್ಲ ಒಂದು ಫೈಲಾಗಿ ಹೊರಗೆ ತೆಗೆಯಬಹುದು. ಬರವಣಿಗೆ ಮಾತ್ರ ಮುಖ್ಯ ಅನ್ನುವವರಿಗೆ ಅದು ಇವತ್ತಿಗೂ ಕೆಟ್ಟದ್ದಲ್ಲ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿ ಬೇರೆ ಹೋಸ್ಟಿಗೆ ಒಯ್ಯಲು ಆಗುವುದಿಲ್ಲ. ಡೆವಲಪರ್ ಆದವರು ಅಲ್ಲಿಗೆ ಹೋಗಲು ಕಾರಣ ನನಗೆ ಕಾಣುವುದಿಲ್ಲ.

ಶೇರ್ಡ್ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್

ಶೇರ್ಡ್ ಹೋಸ್ಟಿಂಗ್ ಅಂದರೆ ಒಂದೇ ಸರ್ವರ್‌ನಲ್ಲಿ ಹಲವರ ಸೈಟ್, ವರ್ಡ್‌ಪ್ರೆಸ್ ತಂತ್ರಾಂಶವನ್ನು ಅಲ್ಲಿ ನಾವೇ ಹಾಕಿಕೊಳ್ಳುವುದು. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಇನ್ನೂ ಗಟ್ಟಿಯಾಗಿ ನಿಂತಿದೆ. ಅದಕ್ಕೆ ಕಾರಣ ಉಂಟು. ಮೊಬೈಲಿನಲ್ಲಿ ಬರೆದು ಪಬ್ಲಿಷ್ ಒತ್ತಿದರೆ ಆಯಿತು. ಕಾಮೆಂಟು, ಫಾರಂ, ಫೋಟೋ ಗ್ಯಾಲರಿ, ಎಲ್ಲ ಸಿಗುತ್ತದೆ. ಕೋಡ್ ಗೊತ್ತಿಲ್ಲದವರೂ ಬರೆಯಬಹುದು. ಪ್ರತಿ ವರ್ಷ ಕಾರ್ಯದರ್ಶಿ ಬದಲಾಗುವ ಯುವಕ ಮಂಡಲಕ್ಕೋ, ಆಟದ ಪಟ್ಟಿ ವಾರವಾರ ಬದಲಿಸಬೇಕಾದ ಯಕ್ಷಗಾನ ಮೇಳಕ್ಕೋ ಸೈಟ್ ಮಾಡುವುದಾದರೆ ನಾನು ಎರಡು ಮಾತಿಲ್ಲದೆ ಇದನ್ನೇ ಹೇಳುತ್ತೇನೆ.

ನಿಮ್ಮೊಬ್ಬರ ಸೈಟಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ವರ್ಡ್‌ಪ್ರೆಸ್ ಸೈಟ್ ನಮ್ಮ ಊರಿನ ಹಂಚಿನ ಮನೆ ಇದ್ದ ಹಾಗೆ. ವಾಸಕ್ಕೆ ತುಂಬ ಚೆನ್ನ. ಆದರೆ ಪ್ರತಿ ಮಳೆಗಾಲದ ಮುಂಚೆ ಮಾಡು ಹತ್ತಿ, ಒಡೆದ ಹಂಚು ಬದಲಿಸಿ, ಕಸ ತೆಗೆಯಲೇಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ. ವರ್ಡ್‌ಪ್ರೆಸ್, ಥೀಮ್, ಒಂದೊಂದು ಪ್ಲಗಿನ್, ಕೆಳಗಿನ ಪಿಎಚ್‌ಪಿ, ಪ್ರತಿಯೊಂದಕ್ಕೂ ಅಪ್‌ಡೇಟ್ ಬರುತ್ತಲೇ ಇರುತ್ತದೆ. ಯಾರೋ ಬರೆಯುವುದು ಬಿಟ್ಟುಬಿಟ್ಟ ಪ್ಲಗಿನ್‌ನಿಂದಲೇ ಹೆಚ್ಚಿನ ಸಲ ಕಳ್ಳರು ಒಳಗೆ ಬರುವುದು.

ಇದು ಸುಮ್ನೆ ಹೆದರಿಸುವ ಮಾತಲ್ಲ. ಯಾವುದೇ ಸೈಟಿನ ಆ್ಯಕ್ಸೆಸ್ ಲಾಗ್, ಅಂದರೆ ಯಾರು ಯಾವ ಪುಟ ಕೇಳಿದರು ಅನ್ನುವ ದಾಖಲೆ, ತೆರೆದು ನೋಡಿ. ಸೈಟ್ ನಿನ್ನೆ ಹುಟ್ಟಿದ್ದರೂ ಸರಿ, ಓದುವವರು ಇನ್ನೂ ಯಾರೂ ಇಲ್ಲದಿದ್ದರೂ ಸರಿ, ಬಾಟ್‌ಗಳು (ತನ್ನಷ್ಟಕ್ಕೆ ಓಡುವ ಪ್ರೋಗ್ರಾಂಗಳು) ಆಗಲೇ ಬಂದಿರುತ್ತವೆ. ವರ್ಡ್‌ಪ್ರೆಸ್‌ನ ಡಬ್ಲ್ಯೂಪಿ-ಲಾಗಿನ್ ಪುಟ ಇದೆಯಾ, ಎಕ್ಸ್‌ಎಂಎಲ್‌ಆರ್‌ಪಿಸಿ ಇದೆಯಾ, ಪಾಸ್‌ವರ್ಡ್ ಇಡುವ ಡಾಟ್ ಎನ್ವ್ ಫೈಲ್ ಮರೆತು ಬಿಟ್ಟಿದ್ದಾರಾ ಅಂತ ಒಂದರ ಹಿಂದೆ ಒಂದು ಬಾಗಿಲು ತಟ್ಟಿರುತ್ತವೆ. ವರ್ಡ್‌ಪ್ರೆಸ್ ಇಲ್ಲದ ಸೈಟಿನಲ್ಲಿ ಎಲ್ಲದಕ್ಕೂ 404, ಅಂದರೆ ಪುಟ ಇಲ್ಲ ಅನ್ನುವ ಉತ್ತರ, ಅಲ್ಲಿಗೆ ಮುಗಿಯಿತು. ಇದ್ದ ಸೈಟಿನಲ್ಲಿ ಅದೇ ಬಾಗಿಲಿನ ಬೀಗ ದಿನವೂ ಪರೀಕ್ಷೆಗೆ ಒಳಗಾಗುತ್ತದೆ. ಆದ್ದರಿಂದ ವರ್ಡ್‌ಪ್ರೆಸ್ ಆರಿಸಿದರೆ ಆಟೋ ಅಪ್‌ಡೇಟ್ ಆನ್ ಇರಲಿ, ಪ್ಲಗಿನ್ ಬೆರಳೆಣಿಕೆಯಷ್ಟೇ ಇರಲಿ, ಬ್ಯಾಕಪ್ ಹೋಸ್ಟಿಂಗ್ ಖಾತೆಯ ಹೊರಗೆ ಇರಲಿ.

ಬೆಲೆ ನೋಡುವಾಗ ಮೊದಲ ವರ್ಷದ ಜಾಹೀರಾತು ಬೆಲೆ ನೋಡಬೇಡಿ, ರಿನ್ಯೂವಲ್ ಬೆಲೆ ನೋಡಿ. ಅದು ಎರಡು ಮೂರು ಪಟ್ಟು ಜಾಸ್ತಿ ಇರುವುದು ಮಾಮೂಲಿ.

ವಿಪಿಎಸ್

ಬೆಂಗಳೂರು, ಮುಂಬೈಯಲ್ಲಿ ಡೇಟಾ ಸೆಂಟರ್ ಇರುವ ಕಂಪನಿಗಳಿಂದ ಸಣ್ಣ ಸರ್ವರ್ ಬಾಡಿಗೆಗೆ ಸಿಗುತ್ತದೆ, ಅದೇ ವಿಪಿಎಸ್. ಉದಾಹರಣೆಗೆ ಡಿಜಿಟಲ್ ಓಷನ್‌ನ ಅತಿ ಸಣ್ಣ ಸರ್ವರ್ ತಿಂಗಳಿಗೆ 4 ಡಾಲರ್, ಮೇಲೆ 18 ಶೇಕಡ ಜಿಎಸ್‌ಟಿ. ಅದರಲ್ಲಿ 512 ಎಂಬಿ ರ‍್ಯಾಮ್. ಪುಟಗಳನ್ನು ಕಳಿಸುವುದಕ್ಕೆ ಇದು ಧಾರಾಳ ಸಾಕು, ವರ್ಡ್‌ಪ್ರೆಸ್ ಮತ್ತು ಡೇಟಾಬೇಸ್ ಎರಡನ್ನೂ ಕೂರಿಸಿದರೆ ಉಸಿರು ಕಟ್ಟುತ್ತದೆ.

ಎಂಜಿನ್ಎಕ್ಸ್, ಫೈರ್‌ವಾಲ್, ಎಸ್‌ಎಸ್‌ಎಚ್ ಕೀ, ಕ್ರಾನ್, ಹೀಗೆ ಸರ್ವರ್ ನಡೆಸುವ ಕೆಲಸವನ್ನೆಲ್ಲ ಕೈಯಿಂದ ಮಾಡಿ ಕಲಿಯಬೇಕು ಅನ್ನುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಓದುತ್ತಿರುವವರು ಒಂದು ವರ್ಷ ಇದನ್ನೇ ನಡೆಸಿ. ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್ ತನ್ನಷ್ಟಕ್ಕೆ ನವೀಕರಣ ಆಗುವ ಹಾಗೆ ಮಾಡುವುದು, ಡಿಸ್ಕ್ ತುಂಬಿದಾಗ ಯಾವ ಲಾಗ್ ದೊಡ್ಡದಾಗಿದೆ ಅಂತ ಹುಡುಕುವುದು, ಇದನ್ನೆಲ್ಲ ಸಂದರ್ಶನದಲ್ಲಿ ಬಾಯಿಪಾಠ ಹೇಳಿದವರಿಗಿಂತ ನೀವು ಚೆನ್ನಾಗಿ ಹೇಳುತ್ತೀರಿ.

ಕೆಲಸಕ್ಕೆ ಸೇರಿ, ಮದುವೆಯಾಗಿ, ಮಗು ಇರುವವರಿಗೆ? ಬೇಡ. ರಾತ್ರಿ ಸರ್ವರ್ ಬಿದ್ದರೆ ಎತ್ತುವವರು ನೀವೊಬ್ಬರೇ. ಆಫೀಸಿನಲ್ಲಿ ಅದಕ್ಕೆ ಸಂಬಳ ಉಂಟು.

ಮನೆಯಲ್ಲೇ ಸರ್ವರ್

ರಾಸ್ಪ್‌ಬೆರಿ ಪೈ ತಂದು ಮನೆಯ ರೌಟರ್ ಪಕ್ಕ ಇಡುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಇದಕ್ಕಿಂತ ಸ್ವತಂತ್ರ ವ್ಯವಸ್ಥೆ ಇನ್ನೊಂದಿಲ್ಲ ನಿಜ. ಆದರೆ ನಮ್ಮ ಕರಾವಳಿ ಇದಕ್ಕೆ ಕಷ್ಟದ ಜಾಗ. ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಮೆಸ್ಕಾಂನವರು ಬಂದು ಸರಿ ಮಾಡುವವರೆಗೆ ಕರೆಂಟ್ ಇಲ್ಲ. ಇನ್ವರ್ಟರ್ ಇದ್ದರೂ ಎಷ್ಟು ಹೊತ್ತು? ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಇಲ್ಲಿನ ಮನೆಗಳಲ್ಲಿ ಮೊದಲು ಮಾಡುವ ಕೆಲಸವೇ ಟಿವಿ, ರೌಟರ್ ಪ್ಲಗ್ ಕಿತ್ತಿಡುವುದು. ಅಮ್ಮ ಪ್ಲಗ್ ಕಿತ್ತರೆ ಸೈಟೂ ಹೋಯಿತು. ಅಮ್ಮ ಮಾಡಿದ್ದೇ ಸರಿ, ಅಲ್ವಾ? ಉಳ್ಳಾಲ, ಮಲ್ಪೆಯಂಥ ಕಡಲ ಪಕ್ಕದ ಮನೆಗಳಲ್ಲಿ ಉಪ್ಪುಗಾಳಿಗೆ ಪೋರ್ಟುಗಳೂ ತುಕ್ಕು ಹಿಡಿಯುತ್ತವೆ.

ಇನ್ನೊಂದು ತೊಡಕು ಸಿಜಿನ್ಯಾಟ್. ಹೆಚ್ಚಿನ ಮನೆ ಇಂಟರ್ನೆಟ್‌ನಲ್ಲಿ ನಿಮಗೊಬ್ಬರಿಗೇ ಅಂತ ಪಬ್ಲಿಕ್ ಐಪಿ ಇರುವುದಿಲ್ಲ, ತುಂಬ ಮನೆಗಳಿಗೆ ಸೇರಿ ಒಂದು. ಹೊರಗಿನಿಂದ ನೇರ ಒಳಗೆ ಬರಲು ಆಗುವುದಿಲ್ಲ. ಸ್ಟ್ಯಾಟಿಕ್ ಐಪಿಗೆ ಬೇರೆ ಹಣ ಕಟ್ಟಬೇಕು, ಇಲ್ಲವೇ ಕ್ಲೌಡ್‌ಫ್ಲೇರ್ ಟನಲ್ ತರಹದ್ದು ಹಾಕಬೇಕು. ಮನೆಯ ಸರ್ವರ್‌ನಲ್ಲಿ ಫೋಟೋ ಬ್ಯಾಕಪ್ ಇಡಿ, ಪ್ರಯೋಗ ಮಾಡಿ. ಜಗತ್ತಿಗೆ ತೋರಿಸುವ ಸೈಟ್ ಅಲ್ಲಿ ಇಡಬೇಡಿ. ಇಮೇಲ್ ಸರ್ವರಂತೂ ಮನೆಯಲ್ಲಿ ಬೇಡವೇ ಬೇಡ, ನೀವು ಕಳಿಸಿದ ಪತ್ರ ಸ್ಪ್ಯಾಮಿಗೇ ಹೋಗುತ್ತದೆ.

ಸ್ಟ್ಯಾಟಿಕ್ ಸೈಟ್

ನನ್ನ ಆಯ್ಕೆ ಇದು. ಇಲ್ಲಿ ಸರ್ವರ್‌ನಲ್ಲಿ ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್, ಚಿತ್ರ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್ ಇವುಗಳಲ್ಲಿ ಉಚಿತವಾಗಿ ಇಡಬಹುದು, ಸ್ವಂತ ಡೊಮೈನೂ ಎಚ್‌ಟಿಟಿಪಿಎಸ್ಸೂ ಸೇರಿ. ಆರು ತಿಂಗಳು ಮುಟ್ಟದಿದ್ದರೂ ಅದು ಇದ್ದ ಹಾಗೇ ಇರುತ್ತದೆ. ಪ್ರಾಜೆಕ್ಟ್ ಡೆಡ್‌ಲೈನ್ ಇರುವ ತಿಂಗಳು ಸೈಟಿನ ಕಡೆ ತಲೆ ಹಾಕದಿದ್ದರೂ ಏನೂ ಆಗುವುದಿಲ್ಲ. ಕೆಲಸದಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಾ?

ಜುಲೈ ತಿಂಗಳ ಒಂದು ಸಂಜೆ ಯೋಚಿಸಿ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ಬ್ಯಾಟರಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಂದೇ ಕಡ್ಡಿ ಸಿಗ್ನಲ್. ವರ್ಡ್‌ಪ್ರೆಸ್‌ನ ಎಡಿಟರ್ ಪುಟ ತೆರೆಯುವುದಕ್ಕೇ ಸಾಕುಬೇಕಾಗುತ್ತದೆ. ಸ್ಟ್ಯಾಟಿಕ್ ಸೈಟಿನವರು ಆಫ್‌ಲೈನ್‌ನಲ್ಲೇ ಮಾರ್ಕ್‌ಡೌನ್ (ಸರಳ ಗುರುತುಗಳ ಪಠ್ಯ) ಫೈಲಿನಲ್ಲಿ ಬರೆದು, ತಮ್ಮ ಲ್ಯಾಪ್‌ಟಾಪ್‌ನಲ್ಲೇ ನೋಡಿಕೊಂಡು, ಗಿಟ್‌ನಲ್ಲಿ ಕಮಿಟ್ ಮಾಡಿ, ಅಂದರೆ ಬದಲಾವಣೆ ದಾಖಲಿಸಿ ಇಟ್ಟಿರುತ್ತಾರೆ. ಸಿಗ್ನಲ್ ಒಂದು ಗಳಿಗೆ ಬಂದಾಗ ಪುಶ್, ಅಂದರೆ ಹೋಸ್ಟಿನ ಕಡೆಗೆ ಕಳಿಸುವುದು. ಹೋಗುವುದು ಕೆಲವೇ ಕಿಲೋಬೈಟ್. ಉಳಿದ ಬಿಲ್ಡ್, ಅಂದರೆ ಪುಟ ಕಟ್ಟುವ ಕೆಲಸ, ಎಲ್ಲ ಆ ಕಡೆ ನಡೆಯುತ್ತದೆ.

ಗಿಟ್‌ಹಬ್, ಕ್ಲೌಡ್‌ಫ್ಲೇರ್ ಎರಡರಲ್ಲಿ ಯಾವುದು? ಗಿಟ್‌ಹಬ್ ಪೇಜಸ್‌ನಲ್ಲಿ ಸೈಟ್ 1 ಜಿಬಿ ಮೀರಬಾರದು, ತಿಂಗಳಿಗೆ ಸುಮಾರು 100 ಜಿಬಿ ಡೇಟಾ ಹೋಗಬಹುದು. ಅಂಗಡಿ ವ್ಯಾಪಾರ ನಡೆಸಲು ಅಲ್ಲಿ ಅವಕಾಶ ಇಲ್ಲ. ಕ್ಲೌಡ್‌ಫ್ಲೇರ್ ಪೇಜಸ್‌ನ ಉಚಿತ ಪ್ಲಾನಿನಲ್ಲಿ ಒಂದು ಫೈಲ್ 25 ಎಂಬಿ ಆಸುಪಾಸು ದಾಟಬಾರದು, ಸೈಟಿಗೆ 20,000 ಫೈಲ್, ತಿಂಗಳಿಗೆ 500 ಬಿಲ್ಡ್. ಬರೀ ಬರಹ ಇರುವವರಿಗೆ ಯಾವುದಾದರೂ ಸರಿ. ಹಳೆಯ ವಿಳಾಸದಿಂದ ಹೊಸದಕ್ಕೆ ಸರಿಯಾದ 301 (ಖಾಯಂ ತಿರುಗಿಸುವ ಉತ್ತರ) ಕೊಡಬೇಕಾದರೆ ಕ್ಲೌಡ್‌ಫ್ಲೇರ್ ಬೇಕು, ಗಿಟ್‌ಹಬ್ ಪೇಜಸ್‌ನಲ್ಲಿ ಅದು ಇಲ್ಲ. ವರ್ಸೆಲ್ ಕೂಡ ಚೆನ್ನಾಗಿದೆ, ಆದರೆ ಅದರ ಉಚಿತ ಪ್ಲಾನ್ ವ್ಯಾಪಾರಕ್ಕೆ ಅಲ್ಲ. ಸ್ವಂತ ಸೈಟಿನಲ್ಲಿ ಫ್ರೀಲ್ಯಾನ್ಸ್ ಕೆಲಸದ ಜಾಹೀರಾತು ಹಾಕುವವರು ಮೊದಲು ನಿಯಮ ಓದಿಕೊಳ್ಳಿ.

ಫೋಟೋ ತೆಗೆಯುವವರಿಗೆ ಒಂದು ಎಚ್ಚರಿಕೆ. ಕ್ಯಾಮೆರಾದಿಂದ ಬಂದ 5 ಎಂಬಿಯ ಯಕ್ಷಗಾನದ ಫೋಟೋಗಳನ್ನು ಹಾಗೇ ಹಾಕಿದರೆ 200 ಫೋಟೋಗೆ ಆ 1 ಜಿಬಿ ಮುಗಿಯಿತು. ಆಮೇಲೆ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಅವು ಉಳಿದೇ ಇರುತ್ತವೆ. ಮೊದಲೇ ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ಬದಲಿಸಿ, ಆಮೇಲೆ ಕಮಿಟ್ ಮಾಡಿ.

ಕಷ್ಟ ಏನೂ ಇಲ್ಲ ಅಂತಲ್ಲ. ಕಾಮೆಂಟ್ ಇಲ್ಲ, ಫಾರಂಗೆ ಬೇರೆಯವರ ಸೇವೆ ಬೇಕು. ನಾನು ಪುಟದ ಕೆಳಗೆ ಇಮೇಲ್ ಕೊಟ್ಟುಬಿಡಿ ಅನ್ನುವ ಪಕ್ಷ. ಬರೆಯುವವರು ಬರೆದೇ ಬರೆಯುತ್ತಾರೆ, ಅವರ ಪತ್ರ ಚೆನ್ನಾಗೂ ಇರುತ್ತದೆ. ಆರ್‌ಎಸ್‌ಎಸ್ ಫೀಡ್ (ಹೊಸ ಬರಹ ಬಂದದ್ದನ್ನು ಓದುಗರ ಆ್ಯಪಿಗೆ ತಿಳಿಸುವ ಫೈಲ್) ಮಾತ್ರ ಬಿಡಬೇಡಿ. ಫೀಡ್ ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದರೂ ಫೀಡ್ ಓದುವವರು ಇದ್ದಾರೆ, ಅವರೇ ನಿಮ್ಮ ಖಾಯಂ ಓದುಗರು.

ಯಾವುದರಲ್ಲಿ ಕಟ್ಟುವುದು? ಹತ್ತಿಪ್ಪತ್ತು ಪುಟ ಇದ್ದರೆ ಕೈಯಲ್ಲೇ ಎಚ್‌ಟಿಎಂಎಲ್ ಬರೆಯಿರಿ. ಯುರೋಪಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1991ರಲ್ಲಿ ಬಂದ ಮೊದಲ ವೆಬ್‌ಸೈಟಿನ ಪುಟ ಇವತ್ತಿನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಪುಟ ಜಾಸ್ತಿ ಆದಮೇಲೆ, ಮಾರ್ಕ್‌ಡೌನ್ ಫೈಲುಗಳಿಂದ ಸೈಟ್ ಕಟ್ಟಿಕೊಡುವ ಹ್ಯೂಗೋ. ಅದು ಒಂದೇ ಫೈಲಿನ ಪ್ರೋಗ್ರಾಂ, ಆ ಫೈಲನ್ನೇ ಸೈಟಿನ ಜೊತೆ ಎತ್ತಿಟ್ಟರೆ ಐದು ವರ್ಷದ ಮೇಲೂ ಅದೇ ಬಿಲ್ಡ್ ಆಗುತ್ತದೆ. ಅದೇ ಕೆಲಸ ಮಾಡುವ ಇಲೆವೆಂಟಿ, ಆ್ಯಸ್ಟ್ರೋ ಬರೆಯಲು ಹಿತ. ಆದರೆ ಅವು ನೋಡ್ (Node.js) ಮತ್ತು ಅದರ ನೂರಾರು ಸಣ್ಣ ಪ್ಯಾಕೇಜುಗಳ ಮೇಲೆ ನಿಂತಿವೆ. ಎರಡು ವರ್ಷ ಬಿಟ್ಟು ಎನ್‌ಪಿಎಂ ಇನ್‌ಸ್ಟಾಲ್ ಹೊಡೆದರೆ ಒಂದಿಡೀ ಭಾನುವಾರ ಹೋಗಬಹುದು. ಆಫೀಸಿನಲ್ಲಿ ದಿನಾ ರಿಯಾಕ್ಟ್ ಬರೆಯುವವರು ಮನೆಯಲ್ಲೂ ಅದನ್ನೇ ಹಿಡಿಯುತ್ತಾರೆ. ಒಮ್ಮೆ ಬಿಟ್ಟು ನೋಡಿ, ಕೈಗೂ ಮನಸ್ಸಿಗೂ ವಿರಾಮ ಸಿಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ

ನಾವೆಲ್ಲ ದಿನಾ ಬಳಸುವ ಕನ್ನಡ ಕೀಲಿಮಣೆ ವಿನ್ಯಾಸದ ಹಿಂದೆ ಇರುವವರು ಮಂಗಳೂರು ಪಕ್ಕದ ಕಿನ್ನಿಕಂಬ್ಳದ ಕೆ.ಪಿ. ರಾವ್. ಆ ಊರಿನವರಾಗಿ ಕನ್ನಡದಲ್ಲಿ ಒಂದು ಪುಟವಾದರೂ ಇಡುವುದು ನಮಗೆ ಸಲ್ಲುತ್ತದೆ ಅಂತ ನನ್ನ ಭಾವನೆ. ಯಾವ ಆಯ್ಕೆಯಾದರೂ ಕನ್ನಡ ಓಡುತ್ತದೆ, ಅಂದವಾಗಿ ಕಾಣುವುದರಲ್ಲಿ ಮಾತ್ರ ವ್ಯತ್ಯಾಸ ಉಂಟು. ರೆಡಿಮೇಡ್ ಥೀಮ್‌ಗಳಲ್ಲಿ ತಲೆಬರಹದ ಲೈನ್-ಹೈಟ್ (ಸಾಲಿನ ಎತ್ತರ) ಇಂಗ್ಲಿಷ್ ಅಕ್ಷರಕ್ಕೆ ಅಂತ 1.2 ಆಸುಪಾಸು ಇರುತ್ತದೆ. ಅದರಲ್ಲಿ "ರಾಷ್ಟ್ರೀಯ" ಅಂತ ಬರೆದು ಎರಡು ಸಾಲು ಮಾಡಿ ನೋಡಿ. ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಲೆಬರಹಕ್ಕೆ 1.5, ಬರಹಕ್ಕೆ 1.7 ಇಟ್ಟರೆ ಉಸಿರಾಡುತ್ತದೆ. ಅಕ್ಷರಗಳ ನಡುವೆ ಲೆಟರ್-ಸ್ಪೇಸಿಂಗ್ ಹಾಕಲೇಬೇಡಿ. ಭಾಷೆಯ ಟ್ಯಾಗ್‌ನಲ್ಲಿ ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ. ಸ್ವಂತ ಸೈಟಿನಲ್ಲಿ ಇದೆಲ್ಲ ನಾಲ್ಕು ಸಾಲಿನ ಕೆಲಸ, ಬೇರೆಯವರ ಥೀಮಿನಲ್ಲಿ ಹೋರಾಟ.

ಫಾಂಟ್ ಡೌನ್‌ಲೋಡ್ ಮಾಡಿಸುವ ಅಗತ್ಯವೂ ಹೆಚ್ಚಾಗಿ ಇಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೋ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆ್ಯಪಲ್‌ನಲ್ಲಿ ಕನ್ನಡ ಸಂಗಮ್ ಮೊದಲೇ ಇರುತ್ತವೆ.

ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡ ಚಿಹ್ನೆ ಸೇರಿ 3 ಅಕ್ಷರ ಆಗುತ್ತದೆ. "ಉಡುಪಿ" ಅಂದರೆ ಸ್ವರಚಿಹ್ನೆ ಸೇರಿ 5 ಸಂಕೇತ. ವಾಟ್ಸಾಪ್‌ಗೆ ಅಂಟಿಸಿದಾಗ ಅದೊಂದೇ ಪದ 45 ಅಕ್ಷರದ ಸಾಲಾಗಬಹುದು. ಜನ ಅದನ್ನು ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ.

ಈಗ ಇರುವ ಜಾಗದಿಂದ ಹೊರಡುವುದಾದರೆ

ವರ್ಡ್‌ಪ್ರೆಸ್ ಅಥವಾ ಬ್ಲಾಗರ್‌ನಿಂದ ಸ್ಟ್ಯಾಟಿಕ್‌ಗೆ ಬರುವವರು ಹಳೆಯ ವಿಳಾಸಗಳನ್ನು ಹಾಗೇ ಉಳಿಸಿಕೊಳ್ಳಿ. ಬ್ಲಾಗರ್ ವಿಳಾಸದಲ್ಲಿ ವರ್ಷ, ತಿಂಗಳು, ಆಮೇಲೆ ಪುಟದ ಹೆಸರು ಬರುತ್ತದೆ. ಹ್ಯೂಗೋ, ಅದೇ ತರಹದ ಜೆಕಿಲ್ ಎರಡರಲ್ಲೂ ಅದೇ ಮಾದರಿ ಇಡಬಹುದು. ಬ್ಲಾಗರ್ ಕೊಟ್ಟ ಬ್ಲಾಗ್‌ಸ್ಪಾಟ್ ವಿಳಾಸದಲ್ಲೇ ಇದ್ದವರು ಮೊದಲು ಅಲ್ಲೇ ಸ್ವಂತ ಡೊಮೈನ್ ಜೋಡಿಸಿ, ಕೆಲವು ತಿಂಗಳು ಬಿಟ್ಟು ಹೊರಡಿ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಇದ್ದರೆ ಅವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಸರಿಯಾಗಿ ಬಂದಿದೆಯಾ ಅಂತ ಕಣ್ಣಲ್ಲೇ ನೋಡಿ.

ಡಿಎನ್‌ಎಸ್ (ಡೊಮೈನ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ದಾಖಲೆ) ಬದಲಿಸುವ ಹಿಂದಿನ ದಿನ ಟಿಟಿಎಲ್, ಅಂದರೆ ಹಳೆಯ ದಾಖಲೆ ಬೇರೆ ಕಡೆ ನೆನಪಿರುವ ಅವಧಿ, 300 ಸೆಕೆಂಡಿಗೆ ಇಳಿಸಿ. ಎಡವಟ್ಟಾದರೆ ಕೆಲವೇ ನಿಮಿಷದಲ್ಲಿ ಹಿಂದಕ್ಕೆ ಹೋಗಬಹುದು. ಇಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಎಂಎಕ್ಸ್ ದಾಖಲೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ನೇಮ್‌ಸರ್ವರ್ ಬದಲಿಸುವಾಗ ಮರೆತುಹೋಗುವುದು ಅವೇ. ಹಳೆಯ ಹೋಸ್ಟಿಂಗ್ ಒಂದೆರಡು ವಾರ ಹಾಗೇ ಓಡುತ್ತಿರಲಿ. ಅಲ್ಲಿನ ಇಡೀ ಫೋಲ್ಡರ್ ಮತ್ತು ಡೇಟಾಬೇಸ್ ಹಾರ್ಡ್ ಡಿಸ್ಕಿಗೆ ಇಳಿಸಿ, ತೆರೆದು ನೋಡಿದ ಮೇಲೆಯೇ ಖಾತೆ ಮುಚ್ಚಿ.